ಜಡಿಮಳೆಯಲ್ಲಿ ಹದಿನಾಲ್ಕು ಸೂರ್ಯರು

2012ರ ಜುಲೈ. ಮಲೆನಾಡಿನ ನಮ್ಮ ಸಾಗರ ಪಟ್ಟಣದಲ್ಲಿ ಹತ್ತು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಬಟ್ಟೆ ಒಣಗುತ್ತಿರಲಿಲ್ಲ, ಡಬ್ಬಿಯಲ್ಲಿದ್ದ ಉಪ್ಪು ನೀರಾಗಿತ್ತು, ಮಧ್ಯಾಹ್ನ ಮೂರು ಗಂಟೆಗೇ ದೀಪ ಹಾಕಬೇಕಿತ್ತು. ಅಂಥ ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದ ಮಕ್ಕಳಿಗೆ, "ಇವತ್ತು ನಿಮ್ಮ ನಿಮ್ಮ ಮನೆಯ ಚಿತ್ರ ಬಿಡಿಸಿ" ಎಂದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹದಿನಾಲ್ಕು ಮಕ್ಕಳ ಹದಿನಾಲ್ಕು ಹಾಳೆಗಳಲ್ಲೂ ಸೂರ್ಯ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನಂತೆ ಹರಿಯುವ ನದಿ, ಪಕ್ಕಕ್ಕೊಂದು ತೆಂಗಿನಮರ, ಆಕಾಶದಲ್ಲಿ ಸರಿ ಗುರುತಿನಂಥ ನಾಲ್ಕು ಹಕ್ಕಿ. ಹೊರಗೆ ಹಂಚಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಒಂದಕ್ಕಾದರೂ ತ್ರಿಕೋನದ ನೆತ್ತಿಯಿಲ್ಲ.

ನನಗೆ ಮೊದಲು ನಗು ಬಂತು. ರಾತ್ರಿ ಆ ಹಾಳೆಗಳನ್ನು ಮತ್ತೆ ಹರಡಿಕೊಂಡಾಗ ನಗು ಅಡಗಿತು. ಅದಕ್ಕೂ ಮೊದಲು ಆರು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ವಾರಕ್ಕೊಂದು ಪೀರಿಯಡ್, ಒಂದೊಂದು ತರಗತಿಯಲ್ಲಿ ಐವತ್ತು ಮಕ್ಕಳು. ನಾನು ಬೋರ್ಡಿನ ಮೇಲೆ ಬಿಡಿಸುವುದು, ಅವರು ನೋಡಿ ಇಳಿಸಿಕೊಳ್ಳುವುದು. ನಲವತ್ತು ನಿಮಿಷದೊಳಗೆ ಮುಗಿಯುವ ಚಿತ್ರ ಯಾವುದೆಂದರೆ ಇದೇ ಬೆಟ್ಟ, ಇದೇ ಸೂರ್ಯ. ಪರೀಕ್ಷೆ ಹತ್ತಿರವಾದರೆ ಆ ಪೀರಿಯಡ್ಡೂ ಗಣಿತಕ್ಕೆ ಹೋಗುತ್ತಿತ್ತು. 2011ರಲ್ಲಿ ಆ ಕೆಲಸ ಬಿಟ್ಟು ಮನೆಯಲ್ಲೇ ಸಂಜೆಯ ತರಗತಿ ಆರಂಭಿಸಿದ್ದೆ. ಕೆಲಸ ಬಿಟ್ಟರೂ ಬೋರ್ಡು ನನ್ನ ಹಿಂದೆಯೇ ಬಂದಿತ್ತು.

ಮರುದಿನ ಮಕ್ಕಳಿಗೆ ಹೇಳಿದೆ: "ಸೂರ್ಯನಿಗೆ ಈ ತಿಂಗಳು ರಜೆ. ಬೆಟ್ಟಕ್ಕೂ ರಜೆ." ಹಾಗಾದರೆ ಏನು ಬಿಡಿಸುವುದು ಎಂದು ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ, ಆದರೆ ಟೀಚರ್ ಹಾಗೆ ಹೇಳುವಂತಿಲ್ಲವಲ್ಲ. ಮೆಟ್ಟಿಲ ಬಳಿ ಒದ್ದೆ ಚಪ್ಪಲಿಗಳ ರಾಶಿ ಕಂಡಿತು. ಒಬ್ಬೊಬ್ಬರೂ ತಮ್ಮ ಎಡಗಾಲಿನ ಚಪ್ಪಲಿಯನ್ನು ತಂದು ಹಳೆಯ ಪೇಪರಿನ ಮೇಲೆ ಇಟ್ಟುಕೊಳ್ಳಬೇಕು. ಕಣ್ಣು ಚಪ್ಪಲಿಯ ಮೇಲೇ ಇರಬೇಕು, ಹಾಳೆಯನ್ನು ನೋಡಬಾರದು, ಪೆನ್ಸಿಲ್ ಎತ್ತಬಾರದು. ಇರುವೆಯೊಂದು ಚಪ್ಪಲಿಯ ಅಂಚಿನಲ್ಲಿ ನಡೆಯುತ್ತಿದೆ ಎಂದುಕೊಂಡು ಅದರ ಜೊತೆ ಕೈ ಸಾಗಬೇಕು. ಬಂದ ಗೆರೆಗಳು ಸೊಟ್ಟಪಟ್ಟ. ಕೆಲವು ಚಪ್ಪಲಿಗಳು ಹಲಸಿನ ಹಣ್ಣಿನಂತಿದ್ದವು. ಆದರೆ ಹದಿನಾಲ್ಕರಲ್ಲಿ ಒಂದು ಇನ್ನೊಂದರ ಹಾಗಿರಲಿಲ್ಲ.

ನಾಲ್ಕನೆಯ ತರಗತಿಯ ಹುಡುಗನೊಬ್ಬನ ಹವಾಯಿ ಚಪ್ಪಲಿಯ ಪಟ್ಟಿ ಕೆಳಗೆ ಕಿತ್ತಿತ್ತು. ಅದು ಜಾರದಂತೆ ತಳದಲ್ಲಿ ಪಿನ್ನು ಚುಚ್ಚಿದ್ದರು. ಅವನು ಚಪ್ಪಲಿಯನ್ನು ಮಗುಚಿಟ್ಟು ಆ ಪಿನ್ನನ್ನು ಹಾಳೆಯ ಮುಕ್ಕಾಲು ಭಾಗ ತುಂಬುವಷ್ಟು ದೊಡ್ಡದಾಗಿ ಬಿಡಿಸಿದ. ಪಿನ್ನಿನ ತಲೆಯ ಸುರುಳಿ, ತುಕ್ಕು ಹಿಡಿದ ಜಾಗ, ರಬ್ಬರಿನೊಳಗೆ ಸೂಜಿ ಇಳಿದಲ್ಲಿ ಆದ ಚಿಕ್ಕ ಉಬ್ಬು, ಎಲ್ಲವೂ ಇತ್ತು. ನಾನು ಹಿಗ್ಗಿ ಅದನ್ನು ಗೋಡೆಗೆ ಅಂಟಿಸಿದೆ. ಸಂಜೆ ಅವನ ತಾಯಿ ಕರೆದೊಯ್ಯಲು ಬಂದವರು ಅದನ್ನು ನೋಡಿ ಮುಖ ಕೆಂಪಗೆ ಮಾಡಿಕೊಂಡರು. "ನಮ್ಮ ಮನೆಯ ಕಷ್ಟವನ್ನು ಗೋಡೆಗೆ ಹಾಕಿದ್ದೀರಲ್ಲ ಟೀಚರ್" ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಮಗು ನೋಡಿದ್ದು ಪಿನ್ನು, ತಾಯಿ ನೋಡಿದ್ದು ಬಡತನ, ಇಬ್ಬರದ್ದೂ ಸುಳ್ಳಲ್ಲ. ಅಂದಿನಿಂದ ಮಗುವನ್ನು ಕೇಳದೆ ಯಾವ ಚಿತ್ರವನ್ನೂ ಗೋಡೆಗೆ ಹಾಕಿಲ್ಲ. ಆ ಚಿತ್ರದ ಮಟ್ಟಿಗೆ ಅವನನ್ನೇ ಕೇಳಿದೆ. ಬೇಡ, ಮನೆಗೆ ಒಯ್ಯುತ್ತೇನೆ ಎಂದ.

ತರಗತಿ ವಾರಕ್ಕೆ ಮೂರು ದಿನ, ನಾಲ್ಕೂವರೆಯಿಂದ ಆರರವರೆಗೆ. ಮೊದಲ ಕಾಲು ಗಂಟೆ ತಿಂಡಿಗೆ. ಇದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಶಾಲೆಯಿಂದ ನೇರ ಬರುವ ಮಕ್ಕಳು ಐದು ಗಂಟೆಗೆಲ್ಲ ಜಗಳ ತೆಗೆಯುತ್ತಿದ್ದರು; ಶಿಸ್ತಿಲ್ಲ ಎಂದುಕೊಂಡು ನಾನು ಗದರುತ್ತಿದ್ದೆ. ಅವರಿಗೆ ಹಸಿವಾಗಿರುತ್ತಿತ್ತು, ಅಷ್ಟೇ. ಈಗ ಒಂದು ಡಬ್ಬಿ ಅವಲಕ್ಕಿ ಯಾವಾಗಲೂ ಇರುತ್ತದೆ.

ಕಾಗದವನ್ನು ಅಂಗಡಿಯಿಂದ ಕೊಳ್ಳುವುದು ಕಡಿಮೆ. ಮುದ್ರಣಾಲಯದಲ್ಲಿ ಅಂಚು ಕತ್ತರಿಸಿ ಉಳಿದ ಪಟ್ಟಿಗಳನ್ನು ಕೆ.ಜಿ. ಲೆಕ್ಕದಲ್ಲಿ ತರುತ್ತೇನೆ. ದುಬಾರಿ ಡ್ರಾಯಿಂಗ್ ಪುಸ್ತಕ ಕೊಟ್ಟರೆ ಮಗು ಹಾಳಾದೀತೆಂದು ಹೆದರಿ ಮೂಲೆಯಲ್ಲಿ ಪುಟ್ಟದಾಗಿ ಬಿಡಿಸುತ್ತದೆ. ಪಟ್ಟಿ ಕಾಗದಕ್ಕೆ ಯಾರೂ ಹೆದರುವುದಿಲ್ಲ. ಉದ್ದನೆಯ ಪಟ್ಟಿ ಸಿಕ್ಕಿದ ದಿನ ಬಸ್ಸು, ಮೆರವಣಿಗೆ, ಹಾವು ತಾವಾಗಿ ಹುಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಜಲವರ್ಣ ಒಣಗುವುದೇ ಇಲ್ಲ. ಹಿಂದೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕುತ್ತಿದ್ದೆ. ಒಮ್ಮೆ ಇಡೀ ವಾರದ ಚಿತ್ರಗಳು ಹೊಗೆ ಹಿಡಿದು ಹಪ್ಪಳದ ಬಣ್ಣಕ್ಕೆ ತಿರುಗಿದವು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದಿಲು ಮತ್ತು ಕ್ರೇಯಾನ್ ಮಾತ್ರ. ಅಡಿಕೆ ಕೊಯ್ಲು ಶುರುವಾದ ಮೇಲೆ ಚೊಗರು. ಅಡಿಕೆ ಬೇಯಿಸಿದ ಆ ಕಂದು ನೀರನ್ನು ಯಾರಾದರೊಬ್ಬರ ಮನೆಯಿಂದ ಬಾಟಲಿಯಲ್ಲಿ ತರಿಸುತ್ತೇನೆ. ತೆಳುವಾಗಿ ಹಚ್ಚಿದರೆ ಚಹಾದ ಬಣ್ಣ, ಎರಡು ಮೂರು ಸಲ ಹಚ್ಚಿದರೆ ಕೆಂಪುಕಂದು. ತುಕ್ಕು ಹಿಡಿದ ಮೊಳೆಗಳನ್ನು ಅದರಲ್ಲಿ ಎರಡು ದಿನ ಬಿಟ್ಟರೆ ಕಪ್ಪಾಗುತ್ತದೆ. ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬದಲಾವಣೆ ಅದು. ಮಕ್ಕಳಿಗೆ ಇದು ಜಾದೂ. ಬಟ್ಟೆಗೆ ತಗುಲಿದರೆ ಮಾತ್ರ ಜನ್ಮದಲ್ಲಿ ಹೋಗದು. ಆದ್ದರಿಂದ ಚೊಗರಿನ ದಿನ ಅಪ್ಪನ ಹಳೆಯ ಅಂಗಿ ಹಾಕಿಕೊಂಡು ಬರುವುದು ಕಡ್ಡಾಯ.

ಆರು ವರ್ಷದ ಒಬ್ಬ ಹುಡುಗ ಕೆರೆ ಬಿಡಿಸಿದ್ದ. ಸುತ್ತಲಿನ ಮರಗಳೆಲ್ಲ ಹೊರಕ್ಕೆ ಮಲಗಿದ್ದವು, ಕೆಳಗಿನವು ತಲೆಕೆಳಗು. ಅಪ್ಪ ಬಂದು, "ಇದೇನು, ಮರವೆಲ್ಲ ಬಿದ್ದಿದೆಯಲ್ಲ?" ಎಂದು ನಕ್ಕರು. ಹುಡುಗ ಹಾಳೆಯನ್ನು ನೆಲದ ಮೇಲಿಟ್ಟು ಅದರ ಸುತ್ತ ನಡೆದು ತೋರಿಸಿದ: ಇಲ್ಲಿ ನಿಂತರೆ ಈ ಮರ ನೇರ, ಅಲ್ಲಿಗೆ ಹೋದರೆ ಆ ಮರ ನೇರ. ಅವನು ಕೆರೆಯ ಏರಿಯ ಮೇಲೆ ನಡೆದಿದ್ದ, ನಾವು ಫೋಟೋ ನೋಡಿದವರು. ಆ ವಯಸ್ಸಿನಲ್ಲಿ ಬಸ್ಸಿನ ತಗಡಿನ ಮೂಲಕ ಪ್ರಯಾಣಿಕರ ಕಾಲೂ ಕಾಣುತ್ತದೆ, ಅಮ್ಮನ ಹೊಟ್ಟೆಯೊಳಗಿನ ಪಾಪುವೂ ಕಾಣುತ್ತದೆ. ಕಂಡದ್ದಕ್ಕಿಂತ ಗೊತ್ತಿರುವುದನ್ನು ಬಿಡಿಸುವ ಕಾಲ ಅದು. ವಿಯೆನ್ನಾದಲ್ಲಿ ಫ್ರಾಂಟ್ಸ್ ಚಿಜೆಕ್ ಎಂಬ ಕಲಾವಿದ 1897ರಲ್ಲೇ ಮಕ್ಕಳಿಗೆಂದು ಇಂಥ ತರಗತಿ ತೆರೆದಿದ್ದ. ದೊಡ್ಡವರ ಚಿತ್ರವನ್ನು ನಕಲು ಮಾಡಿಸುವ ಬದಲು ಮಕ್ಕಳ ಪಾಡಿಗೆ ಮಕ್ಕಳನ್ನು ಬಿಟ್ಟಿದ್ದ. ಓದಿದಾಗ ಸುಲಭ ಎನಿಸಿತ್ತು. ಬಿಡುವುದಿದೆಯಲ್ಲ, ಅದಕ್ಕೇ ನನಗೆ ಹೆಚ್ಚು ಅಭ್ಯಾಸ ಬೇಕಾದದ್ದು. ಒಮ್ಮೆ ಒಬ್ಬಳ ಕುದುರೆಯ ಹಿಂಗಾಲನ್ನು ನಾನೇ ಪೆನ್ಸಿಲ್ ಕಸಿದು ತಿದ್ದಿದೆ. ಕಾಲು ಚೆನ್ನಾಗಿಯೇ ಬಂತು. ಅವಳು ಹಾಳೆಯನ್ನು ನನ್ನ ಕಡೆ ತಳ್ಳಿ, "ಇದು ನಿಮ್ಮ ಕುದುರೆ, ನೀವೇ ಮುಗಿಸಿ" ಎಂದಳು. ಈಗ ಏನನ್ನಾದರೂ ತೋರಿಸಲೇಬೇಕಾದರೆ ನನ್ನ ಚೀಟಿಯ ಮೇಲೆ ತೋರಿಸಿ, ಆ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.

ರಬ್ಬರ್ ತೆಗೆದುಹಾಕಲು ಕಾರಣರಾದವರು ಒಬ್ಬ ವಿದ್ಯಾರ್ಥಿನಿಯ ಅಜ್ಜಿ. ಅವರು ಮಲೆನಾಡಿನ ದೀವರ ಸಮುದಾಯದವರು, ಆ ಮನೆಗಳ ಹೆಂಗಸರು ಗೋಡೆಗೂ ಬುಟ್ಟಿಗೂ ಬರೆಯುವ ಹಸೆ ಚಿತ್ತಾರ ಬಲ್ಲವರು. ಬೆಳೆದು ನಿಂತ ಪೈರಿನ ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಮೊದಲು ಬುಟ್ಟಿಗೆ ಚಿತ್ತಾರ ಬರೆಯುವುದನ್ನು ಮಕ್ಕಳಿಗೆ ತೋರಿಸಿ ಎಂದು ಕರೆತಂದೆ. ಕೆಮ್ಮಣ್ಣು ಬಳಿದ ಬುಟ್ಟಿ, ಅರೆದ ಅಕ್ಕಿಯ ಬಿಳಿ, ಕರಕಾಗಿ ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಜ್ಜಿಯ ಕೈ ಅಲುಗಲಿಲ್ಲ. ಒಂದು ಕಡೆ ಎಳೆ ತುಸು ಬಾಗಿತು. ಮಕ್ಕಳೆಲ್ಲ ಒಟ್ಟಿಗೆ "ಅಯ್ಯೋ" ಎಂದರು. ಅಜ್ಜಿ ಅದರ ಪಕ್ಕದಲ್ಲಿ ಅಷ್ಟೇ ಬಾಗಿದ ಇನ್ನೊಂದು ಎಳೆ ಎಳೆದು ಮುಂದುವರಿದರು. ಮರುದಿನ ರಬ್ಬರುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಅಟ್ಟಕ್ಕೆ ಸೇರಿಸಿದೆ. ಮೊದಲ ವಾರ ಮಕ್ಕಳು ಅತ್ತರು.

ತಂದೆ ತಾಯಂದಿರಿಗೆ ಇದೆಲ್ಲ ಬೇಗ ಒಪ್ಪಿಗೆಯಾಗುವುದಿಲ್ಲ, ಅವರನ್ನು ದೂರುವುದೂ ಸರಿಯಲ್ಲ. ತಿಂಗಳಿಗೆ 500 ರೂಪಾಯಿ ಕೊಟ್ಟು ಚಪ್ಪಲಿ, ಬೀಗ, ಕೊಡೆಗಳ ಸೊಟ್ಟ ಗೆರೆಗಳನ್ನು ಮನೆಗೆ ತಂದರೆ ಯಾರಿಗಾದರೂ ಕಸಿವಿಸಿಯೇ. ಸ್ಪರ್ಧೆಗಳಲ್ಲಿ ನಮ್ಮ ಮಕ್ಕಳಿಗೆ ಬಹುಮಾನ ಬರುವುದು ಅಪರೂಪ. ಹಾಳೆಯಲ್ಲಿ ಬಿಳಿ ಉಳಿಯದಂತೆ ಬಣ್ಣ ತುಂಬಿದವರಿಗೆ ಮೊದಲ ಸ್ಥಾನ ಎಂಬುದು ಅಲಿಖಿತ ನಿಯಮ. ಸರ್ಕಾರದ ಚಿತ್ರಕಲಾ ಪರೀಕ್ಷೆಯಾದ ಲೋಯರ್ ಗ್ರೇಡ್ ಕಟ್ಟುವ ಹೈಸ್ಕೂಲು ಮಕ್ಕಳಿಗೆ ಭಾನುವಾರ ಬೇರೆಯೇ ತರಗತಿ ಮಾಡುತ್ತೇನೆ. ಅಲ್ಲಿ ಅಳತೆ, ನೆರಳು, ವಿನ್ಯಾಸ ಎಲ್ಲವನ್ನೂ ಕಟ್ಟುನಿಟ್ಟಾಗಿ ಕಲಿಸುತ್ತೇನೆ. ಎರಡನ್ನೂ ಒಂದೇ ಚಾಪೆಯ ಮೇಲೆ ಹಾಸಬಾರದು ಎಂಬುದಷ್ಟೇ ನನ್ನ ಹಟ.

ನಿಜವಾದ ಕಷ್ಟ ಹನ್ನೊಂದು, ಹನ್ನೆರಡರ ವಯಸ್ಸು. ನಿನ್ನೆಯವರೆಗೆ ಹಾಳೆ ತುಂಬುತ್ತಿದ್ದವರು ಇದ್ದಕ್ಕಿದ್ದಂತೆ "ನನಗೆ ಬರುವುದಿಲ್ಲ" ಎನ್ನುತ್ತಾರೆ. ತಮ್ಮ ಚಿತ್ರ ಕಣ್ಣಿಗೆ ಕಂಡ ಹಾಗಿಲ್ಲ ಎಂಬುದು ಅವರಿಗೆ ಆಗ ಕಾಣತೊಡಗುತ್ತದೆ. ಆಗ "ಚೆನ್ನಾಗಿದೆ" ಎಂದು ಬೆನ್ನು ತಟ್ಟಿದರೆ ನಂಬುವುದಿಲ್ಲ. ಅವರನ್ನು ರಸ್ತೆಗೆ ಕರೆದೊಯ್ದು ವಿದ್ಯುತ್ ಕಂಬಗಳ ಸಾಲು ತೋರಿಸುತ್ತೇನೆ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲ್ ಹಿಡಿದು, ಹತ್ತಿರದ ಕಂಬ ಎಷ್ಟುದ್ದ, ಮೂರನೆಯದು ಎಷ್ಟುದ್ದ ಎಂದು ಹೆಬ್ಬೆರಳಿನಿಂದ ಅಳೆಯಿಸುತ್ತೇನೆ. ಹಲವರಿಗೆ ಇದು ಕೀಲಿಕೈಯಂತೆ ಒದಗುತ್ತದೆ.

ಎಲ್ಲರಿಗೂ ಅಲ್ಲ. ಈಗ ಒಬ್ಬಳಿದ್ದಾಳೆ, ಐದು ವರ್ಷದಿಂದ ಬರುತ್ತಿರುವವಳು. ದೀಪಾವಳಿಯ ನಂತರ ಒಂದು ಗೆರೆಯನ್ನೂ ಎಳೆದಿಲ್ಲ. ಕಂಬಗಳನ್ನು ಅಳೆದಳು, ಬರೆಯಲಿಲ್ಲ. ತರಗತಿ ಬಿಡಿಸಿಬಿಡಿ ಎಂದು ಅವಳ ತಾಯಿಗೆ ಹೇಳಿದರೆ, ಬರುವುದನ್ನು ಮಾತ್ರ ಬಿಡಲೊಲ್ಲಳು ಎನ್ನುತ್ತಾರೆ. ಸುಮ್ಮನೆ ಕೂರುತ್ತಾಳೆ, ಕೊನೆಯಲ್ಲಿ ಎಲ್ಲರ ಬ್ರಷ್ಷುಗಳನ್ನೂ ತಾನೇ ಕೇಳಿ ತೊಳೆಯುತ್ತಾಳೆ. ಕಳೆದ ವಾರ ತೊಳೆದ ನೀರನ್ನು ಅಂಗಳದ ಸಿಮೆಂಟಿನ ಮೇಲೆ ಚೆಲ್ಲಿ, ಕಾಲಿನ ಹೆಬ್ಬೆರಳಿನಿಂದ ಏನನ್ನೋ ಎಳೆಯುತ್ತ ನಿಂತಿದ್ದಳು. ಏನೆಂದು ನೋಡುವ ಆಸೆಯಾಯಿತು. ನೋಡಿದ್ದು ತಿಳಿದರೆ ಅಳಿಸಿಬಿಡುತ್ತಾಳೆಂದು, ಹಾಲು ಉಕ್ಕುತ್ತಿದೆ ಎನ್ನುತ್ತ ಒಳಗೆ ಹೋದೆ.