ಮಲ್ಟಿಮೀಟರ್ ತಪ್ಪು ತೋರಿಸುತ್ತಿದೆಯಾ? ಮೊದಲು ಬ್ಯಾಟರಿ ನೋಡಿ

ಹೋದ ಬೇಸಿಗೆಯಲ್ಲಿ ಚಳ್ಳಕೆರೆ ಕಡೆಯ ಒಂದು ತೋಟದಲ್ಲಿ ಬೋರ್‌ವೆಲ್ ಮೋಟರ್ ನಿಂತಿತ್ತು. ರಿಪೇರಿಗೆ ಬಂದ ಹುಡುಗ ಸ್ಟಾರ್ಟರ್ ಬಾಕ್ಸ್ ತೆಗೆದು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದ. ಎರಡು ಫೇಸ್ ನಡುವೆ 510 ವೋಲ್ಟ್! "ವೋಲ್ಟೇಜ್ ಜಾಸ್ತಿ ಐತಣ್ಣ, ಲೈನ್‌ಮನ್ ಕರೆಸ್ರಿ" ಎಂದ. ನನ್ನ ಮೀಟರ್‌ನಲ್ಲಿ ನೋಡಿದರೆ 405, ಅಂದರೆ ಲೈನ್ ಸರಿಯಾಗಿಯೇ ಇದೆ. ಅವನ ಮೀಟರಿನ ಮೂಲೆಯಲ್ಲಿ ಬ್ಯಾಟರಿ ಚಿಹ್ನೆ ಎದ್ದು ಕಾಣುತ್ತಿತ್ತು.

ಅಗ್ಗದ ಡಿಜಿಟಲ್ ಮೀಟರ್ ತನ್ನೊಳಗಿನ ಒಂದು ಸ್ಥಿರ ವೋಲ್ಟೇಜಿಗೆ ಹೋಲಿಸಿ ಅಳೆಯುತ್ತದೆ. 9 ವೋಲ್ಟಿನ ಬ್ಯಾಟರಿ 7ಕ್ಕಿಂತ ಕೆಳಗಿಳಿದರೆ ಆ ಸ್ಥಿರ ವೋಲ್ಟೇಜೂ ಕುಗ್ಗುತ್ತದೆ. ಮೊಳ ಗಿಡ್ಡವಾದರೆ ಅದೇ ಬಟ್ಟೆ ಜಾಸ್ತಿ ಮೊಳ ಬರುತ್ತದೆ ಅಲ್ವಾ? ಹಾಗೆಯೇ ಇದು.

ಅನುಮಾನ ಬಂದರೆ ಒಂದು ಹೊಸ ಪೆನ್ ಸೆಲ್ ಅಳೆಯಿರಿ. 1.5ರಿಂದ 1.6 ಬರಬೇಕು. 1.8, 1.9 ತೋರಿಸಿದರೆ ಮೀಟರಿನ ಬ್ಯಾಟರಿ ಸೋತಿದೆ.

ಮೀಟರ್ ಬಿಚ್ಚುವ ಮೊದಲು ಎರಡೂ ಪ್ರೋಬ್ (ಅಳೆಯಲು ತಾಗಿಸುವ ಕಡ್ಡಿಯ ವೈರ್) ಕಿತ್ತು ಪಕ್ಕಕ್ಕಿಡಿ. ಮೀಟರ್ ಆಫ್ ಮಾಡಿ, ಸ್ಕ್ರೂ ತೆಗೆಯಿರಿ.

ಎಲ್ಲರೂ ಎಡವುವುದು ಇದರ ಮುಂದೆ. ಹೊಸ ಬ್ಯಾಟರಿ ಹಾಕುತ್ತಾರೆ, ಮೀಟರ್ ಏಳುವುದಿಲ್ಲ, "ಮೀಟರೇ ಹೋಯ್ತು" ಎಂದು ಮೂಲೆಗೆ ಎಸೆಯುತ್ತಾರೆ. ನಾನು ನೋಡಿದಂತೆ ತಪ್ಪು ಹೆಚ್ಚಾಗಿ ಬ್ಯಾಟರಿಗೆ ಸಿಕ್ಕಿಸುವ ಕ್ಲಿಪ್‌ನಲ್ಲಿರುತ್ತದೆ. ಅದರ ಎರಡು ಗುಂಡಿಗಳಲ್ಲಿ ಎಸಳಿನಂತಿರುವ ದೊಡ್ಡದು ಬಳಸಿ ಬಳಸಿ ಅಗಲವಾಗುತ್ತದೆ. ನೋಸ್ ಪ್ಲೈಯರ್‌ನಿಂದ ಆ ಎಸಳುಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಒಳಕ್ಕೆ ಒತ್ತಿ. ಒಂದೇ ಸಲ ಒತ್ತಿದರೆ ಮುರಿಯುತ್ತವೆ. ಬ್ಯಾಟರಿಗೆ ಕೂರಿಸಿದಾಗ ಟಕ್ ಎನ್ನಬೇಕು. ಆಮೇಲೆ ಕೆಂಪು, ಕಪ್ಪು ವೈರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿ. ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರ ತುಂಡಾಗಿದೆ ಎಂದರ್ಥ. ಹೊರಗೆ ಏನೂ ಕಾಣುವುದಿಲ್ಲ. ಹೊಸ ಕ್ಲಿಪ್ ಬೆಸುಗೆ ಹಾಕಿ. ಟೇಪ್ ಸುತ್ತಿ ಬಿಡಬೇಡಿ, ವಾರದಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ.

ಪೆನ್ ಸೆಲ್ ಹಾಕುವ ಮೀಟರ್ ಆದರೆ ಸ್ಪ್ರಿಂಗ್ ನೋಡಿ. ಅಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕೂತಿರುತ್ತದೆ. ಬಾಯಿಂದ ಊದಲೇಬೇಡಿ, ಆ ಪುಡಿ ಕಣ್ಣಿಗೆ, ಮೂಗಿಗೆ ಕೆಟ್ಟದ್ದು. ಕೈಗೆ ಗ್ಲೌಸ್ ಹಾಕಿ. ಕಿವಿಗೆ ಹಾಕುವ ಹತ್ತಿಯ ಬಡ್ಸ್‌ಗೆ ಒಂದು ಹನಿ ನಿಂಬೆರಸ ಅಥವಾ ವಿನೆಗರ್ ತಾಗಿಸಿ ಒರೆಸಿ. ನಂತರ ನೀರು ತಾಗಿಸಿದ ಇನ್ನೊಂದು ಬಡ್ಸ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಹುಳಿ ಉಳಿದರೆ ಅದೇ ಲೋಹವನ್ನು ತಿನ್ನುತ್ತದೆ. ಉಪ್ಪುಕಾಗದ ಉಜ್ಜುವವರಿದ್ದಾರೆ. ಮೇಲಿನ ಲೇಪ ಹೋಗಿ ಮಳೆಗಾಲದ ಹೊತ್ತಿಗೆ ತುಕ್ಕು ಹಿಡಿಯುತ್ತದೆ. ಶಾಲೆ ಮಕ್ಕಳ ರಬ್ಬರ್‌ನಿಂದ ಉಜ್ಜಿ, ಸಾಕು.

ಬ್ಯಾಟರಿಯನ್ನು ಸುಮ್ನೆ ಅಳೆದು ನಂಬಬೇಡಿ. ಸೋತ ಬ್ಯಾಟರಿಯೂ ಅದಕ್ಕೆ ಏನೂ ಜೋಡಿಸದೆ ಇರುವಾಗ 9ರ ಹತ್ತಿರ ತೋರಿಸಬಹುದು. ಬ್ಯಾಟರಿಯ ಎರಡು ಗುಂಡಿಗಳಿಗೂ ತಾಗುವಂತೆ 470 ಓಮ್ ರೆಸಿಸ್ಟರ್ ಅಡ್ಡ ಹಿಡಿದು, ಇನ್ನೊಂದು ಮೀಟರ್‌ನಲ್ಲಿ ನಾಲ್ಕೈದು ಸೆಕೆಂಡ್ ನೋಡಿ. 8ಕ್ಕಿಂತ ಕೆಳಗೆ ಜಾರಿದರೆ ಬೇಡ. ಹೆಸರಿಲ್ಲದ ಅಗ್ಗದ ಬ್ಯಾಟರಿ ಬಹಳಷ್ಟು ಸಲ ಅಂಗಡಿಯಲ್ಲೇ ಅರ್ಧ ಸತ್ತಿರುತ್ತದೆ. ಹತ್ತು ರೂಪಾಯಿ ಉಳಿಸಲು ಹೋಗಬೇಡಿ, ಒಳ್ಳೆಯ ಅಲ್ಕಲೈನ್ ತನ್ನಿ. ರೀಚಾರ್ಜ್ ಆಗುವ 9 ವೋಲ್ಟಿನ ಕೆಲವು ಬ್ಯಾಟರಿಗಳು ನಿಜವಾಗಿ 7.2 ವೋಲ್ಟಿನವು, ಮೀಟರ್‌ಗೆ ಅವು ಬೇಡ. ಹಳೆಯ, ಹೊಸ ಸೆಲ್ ಬೆರೆಸುವುದೂ ಬೇಡ. ಬೆರೆಸಿದರೆ ಮೊದಲು ಸೋರುವುದು ಹಳೆಯದು.

ಕರೆಂಟ್ ರೇಂಜ್ (ಆಂಪಿಯರ್ ಅಳೆಯುವುದು) ಮಾತ್ರ ಕೆಲಸ ಮಾಡದಿದ್ದರೆ ಅದು ಹೆಚ್ಚಾಗಿ ಬ್ಯಾಟರಿ ಅಲ್ಲ, ಮೀಟರಿನೊಳಗಿನ ಫ್ಯೂಸ್. ಅಲ್ಲಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದನ್ನು ದಾವಣಗೆರೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಶಾರ್ಟ್ ಆದರೆ ಮೀಟರ್ ಕೈಯಲ್ಲೇ ಸಿಡಿಯುತ್ತದೆ. ದಯವಿಟ್ಟು ಮಾಡಬೇಡಿ.

ಮುಚ್ಚಳ ಹಾಕಿ, ಸ್ಕ್ರೂ ಬಿಗಿದ ಮೇಲೆಯೇ ಪ್ರೋಬ್ ಚುಚ್ಚಿ. ಮೊದಲು ಕರೆಂಟ್ ಇರುವುದು ಖಾತ್ರಿಯಾದ ಸಾಕೆಟ್‌ನಲ್ಲಿ ಅಳೆಯಿರಿ, 230ರ ಆಸುಪಾಸು ಬರಬೇಕು. ಆಮೇಲೆ ನಿಮ್ಮ ಲೈನ್ ನೋಡಿ. ಅಲ್ಲಿ ಸೊನ್ನೆ ಬಂದರೆ ವೈರ್ ಮುಟ್ಟುವ ಮೊದಲು ಮತ್ತೆ ಅದೇ ಸಾಕೆಟ್‌ಗೆ ಹೋಗಿ ಅಳೆಯಿರಿ. ಅಷ್ಟರಲ್ಲಿ ಬ್ಯಾಟರಿ ಸತ್ತಿದ್ದರೂ ಮೀಟರ್ ಏನೂ ತೋರಿಸುವುದಿಲ್ಲ.