ಲೇಬಲ್ಲಿನ ಮಿಡಿಗೆ ತೊಟ್ಟು ಬಂದ ಕತೆ

ಸಾಗರದ ಡಿಟಿಪಿ ಅಂಗಡಿಯಲ್ಲಿ ಮೊದಲ ಲೇಬಲ್ ಮಾಡಿಸಿದಾಗ ಲೋಗೋ ಅನ್ನೋ ಯೋಚನೆಯೇ ಇರಲಿಲ್ಲ. 'ಅಮ್ಮನ ಮಲೆನಾಡು ಅಪ್ಪೆಮಿಡಿ ಉಪ್ಪಿನಕಾಯಿ' ಅಂತ ಉದ್ದದ ಹೆಸರು, ಪಕ್ಕದಲ್ಲಿ ತಂಗಿ ಪೆನ್ನಲ್ಲಿ ಬರೆದ ಒಂದು ಮಾವಿನ ಮಿಡಿ. ಸೊಟ್ಟಗೆ, ಉದ್ದ ತೊಟ್ಟು. ಕೆಳಗೆ ಇಂಗ್ಲಿಷಿನಲ್ಲಿ 'ಶಿಮೋಗ ಜಿಲ್ಲೆ'. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಊರು ಶಿವಮೊಗ್ಗ ಆಯಿತು. ಉಳಿದ ಲೇಬಲ್ ಬಿಸಾಡಲು ಮನಸ್ಸು ಬರದೆ ಹಳೆಯದನ್ನೇ ಖರ್ಚು ಮಾಡಿದೆವು. ನಮ್ಮ ಮೊದಲ ಬದಲಾವಣೆ ಸರ್ಕಾರವೇ ಮಾಡಿಕೊಟ್ಟಿದ್ದು ಅನ್ನಿ.

ನಿಜವಾದ ತಲೆನೋವು ಟ್ರೇಡ್‌ಮಾರ್ಕಿನದು, ಅಂದರೆ ಹೆಸರನ್ನು ನಮ್ಮದೇ ಅಂತ ನೋಂದಾಯಿಸುವುದು. ಅಲ್ಲಿನ ಸರಕುಗಳ ಪಟ್ಟಿಯಲ್ಲಿ ಉಪ್ಪಿನಕಾಯಿ 29ನೇ ವರ್ಗ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ದುಡ್ಡು ಕಟ್ಟುವ ಮೊದಲೇ ಶಿವಮೊಗ್ಗದ ವಕೀಲರು ನಮ್ಮ ಹೆಸರಿನ ಒಂದೊಂದೇ ಪದಕ್ಕೆ ಗೀಟು ಎಳೆದರು. ಮಲೆನಾಡು ಪ್ರದೇಶದ ಹೆಸರು, ಎಲ್ಲರದ್ದೂ. ಅಪ್ಪೆಮಿಡಿ ಕಾಯಿಯ ಹೆಸರು, ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಬೇರೆ ಸಿಕ್ಕಿದೆ. ಅಮ್ಮ ಎಲ್ಲರ ಮನೆಯಲ್ಲೂ ಇರುತ್ತಾರೆ. "ಪಾರ್ಲೆಯವರದ್ದೂ ಮೊದಲು ಗ್ಲೂಕೋ ಅಂತಲೇ ಇತ್ತು. ಊರವರೆಲ್ಲ ಗ್ಲೂಕೋಸ್ ಬಿಸ್ಕತ್ತು ಮಾರತೊಡಗಿದ ಮೇಲೆ, 1980ರ ದಶಕದಲ್ಲಿ, ಪಾರ್ಲೆ-ಜಿ ಆಯ್ತು" ಎಂದರು.

ಹೆಸರು ಹುಡುಕುತ್ತಾ ಲೋಗೋವನ್ನೂ ಹೊಸದು ಮಾಡಿಸೋಣ ಅಂತ ಬೆಂಗಳೂರಿನ ಡಿಸೈನರ್ ಒಬ್ಬರಿಗೆ ಒಪ್ಪಿಸಿದೆ. ಚೆಂದದ ಹಳದಿ ಮಾವಿನಹಣ್ಣು ಬರೆದು ಕಳಿಸಿದರು. ದುಂಡಗೆ, ತೊಟ್ಟಿಲ್ಲ, ಕೆಂಪು ಕೆನ್ನೆ ಬೇರೆ. ನನಗೂ ಇಷ್ಟವಾಗಿಬಿಟ್ಟಿತು, ತಪ್ಪು ನನ್ನದೇ. ಐನೂರು ಬಾಟಲಿಗೆ ಅಂಟಿಸಿದೆವು. ವಾರದೊಳಗೆ ಹೊಸನಗರದ ಅಂಗಡಿಯವರ ಫೋನು: "ಇದೇನು ಮಾರಾಯ್ರೆ, ಜಾಮಾ? ಎಲ್ಲ ಕೇಳ್ತಿದಾರೆ."

ಅಮ್ಮ ಲೇಬಲ್ಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ತೊಟ್ಟು ಮುರಿದ ಮಿಡಿ ಯಾರು ತಗೋತಾರೋ?"

ಅಲ್ವಾ! ಅಪ್ಪೆಮಿಡಿಯನ್ನು ತೊಟ್ಟು ಉಳಿಸಿಯೇ ಕೊಯ್ಯಬೇಕು. ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳವೆಲ್ಲ ಆ ಸೊನೆಯಲ್ಲೇ. ಗೊತ್ತಿರುವವರು ಒಂದು ಮಿಡಿಯ ತೊಟ್ಟು ಮುರಿದು, ಮೂಸಿ ನೋಡಿಯೇ ದರ ಮಾತಾಡುವುದು. ಹುಟ್ಟಿದಾಗಿನಿಂದ ನೋಡಿದ್ದು ನನಗೇ ಹೊಳೆದಿರಲಿಲ್ಲ.

ಹೆಸರು ಅಲ್ಲೇ ಸಿಕ್ಕಿತು: 'ತೊಟ್ಟು'. ಚಿತ್ರ ತಂಗಿಯದ್ದೇ ವಾಪಸ್ ಬಂತು, ಗೆರೆ ಮಾತ್ರ ದಪ್ಪ ಮಾಡಿಸಿದೆವು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರು, ಹಸಿರು ಚುಕ್ಕೆ, ತೂಕ, ತಾರೀಕು ಎಲ್ಲ ಕೂತ ಮೇಲೆ ಸಣ್ಣ ಬಾಟಲಿಯಲ್ಲಿ ತೆಳ್ಳನೆ ಗೆರೆ ಕಾಣುವುದೇ ಇಲ್ಲ. 'ಅಮ್ಮನ ಅಪ್ಪೆಮಿಡಿ' ಈಗ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಹಳೇ ಗಿರಾಕಿಗಳು ಇವತ್ತಿಗೂ ಹಾಗೇ ಕೇಳುವುದು.

ಹಳದಿ ಹಣ್ಣಿನ ಲೇಬಲ್ ಒಂದು ಕಟ್ಟು ಉಳಿದಿತ್ತು. ಅಮ್ಮ ಅದರ ಹಿಂದೆ ಹಾಲಿನ ಲೆಕ್ಕ ಬರೆಯುತ್ತಾಳೆ.