ರೆಸಿನ್ ಫಿಗರ್‌ಗೆ ಗಟ್ಟಿ ಕೀಲು ಕೂರಿಸಿದ ನನ್ನ ಅನುಭವ

"ರೆಸಿನ್ ಪ್ರತಿಮೆಗೆ ಸರಿ, ಕೈಕಾಲು ಆಡಿಸೋ ಫಿಗರ್‌ಗೆ ಆಗಲ್ಲ." ಈ ಮಾತು ಹೇಳದವರೇ ಇರಲಿಲ್ಲ. ರೆಸಿನ್ ಅಂದರೆ ಅಚ್ಚಿಗೆ ಹೊಯ್ದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್. ಈಗ ನನ್ನ ಆರಿಂಚಿನ ಫಿಗರ್‌ನ ಭುಜ, ಸೊಂಟ, ಕುತ್ತಿಗೆ ಎಲ್ಲ ತಿರುಗುತ್ತವೆ. ಭಾರದ ಕತ್ತಿ ಕೊಟ್ಟು ಕೈ ಮೇಲೆತ್ತಿ ನಿಲ್ಲಿಸಿದರೆ ವಾರಗಟ್ಟಲೆ ಹಾಗೇ ನಿಲ್ಲುತ್ತದೆ.

ಮೊದಮೊದಲು ಕೀಲಿನ ಬಾಲ್ (ದುಂಡು ತುದಿ), ಸಾಕೆಟ್ (ಅದು ಕೂರುವ ಗುಳಿ) ಎರಡನ್ನೂ ಒಂದೇ ರೆಸಿನ್‌ನಲ್ಲಿ ಎರಕ ಹೊಯ್ಯುತ್ತಿದ್ದೆ. ಬಾಲ್ ಒತ್ತುವಾಗಲೇ ಸಾಕೆಟ್ ಅಂಚು ಟಕ್ ಅಂತ ಸೀಳುತ್ತಿತ್ತು. ಸ್ವಲ್ಪ ಸಡಿಲ ಮಾಡಿದರೆ ಕೈ ಜೋತು ಬೀಳುತ್ತಿತ್ತು. ಅಯಸ್ಕಾಂತ ಇಟ್ಟೆ. ತಲೆಗೆ ಚೆನ್ನಾಗಿತ್ತು, ಭುಜಕ್ಕೆ ಸಾಲಲಿಲ್ಲ. ಮೆತ್ತನೆ ರೆಸಿನ್ ಬಳಸಿದರೆ ಕಾಲು ಮೆಲ್ಲಗೆ ಬಾಗಿ, ಮೇಲಿನ ಬಣ್ಣವೂ ಬಿರುಕು ಬಿಡುತ್ತಿತ್ತು. ಹೀಗೆ ಡಬ್ಬಗಟ್ಟಲೆ ರೆಸಿನ್ ಕಸಕ್ಕೆ ಹೋಯಿತು.

ಕೊನೆಗೆ ಕೈ ಹಿಡಿದದ್ದು ಇದು. ಸಾಕೆಟ್ ಮಾಡಿ ಬಾಲ್ ಒಳಗೆ ತಳ್ಳುವುದನ್ನೇ ಬಿಟ್ಟೆ. ಅಸಿಟಾಲ್ ಪ್ಲಾಸ್ಟಿಕ್‌ನ ರೆಡಿಮೇಡ್ ಬಾಲ್ ತಂದು, ಅದನ್ನು ಅಚ್ಚಿನೊಳಗೇ ನಿಲ್ಲಿಸಿ, ಸುತ್ತಲೂ ರೆಸಿನ್ ಹೊಯ್ದೆ. ಅಸಿಟಾಲ್‌ಗೆ ಯಾವುದೂ ಸುಲಭವಾಗಿ ಅಂಟುವುದಿಲ್ಲ. ರೆಸಿನ್ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಕುಗ್ಗುತ್ತದಲ್ವಾ, ಆ ಕುಗ್ಗುವಿಕೆಯೇ ಬಾಲನ್ನು ಬಿಗಿಯಾಗಿ ಹಿಡಿಯುತ್ತದೆ. ಇಷ್ಟು ದಿನ ಕಾಡಿದ್ದೇ ಈಗ ಕೆಲಸಕ್ಕೆ ಬಂತು!

ಬಾಲ್‌ನ ಕಡ್ಡಿ ಕೂರುವ ತೂತು ಸಿಲಿಕಾನ್ ರಬ್ಬರ್‌ನ ಅಚ್ಚಿನಲ್ಲಿ ಕಡ್ಡಿಗಿಂತ ತುಸು ಸಣ್ಣದಿರಲಿ, ಇಲ್ಲದಿದ್ದರೆ ರೆಸಿನ್ ಒಳಗೆ ನುಗ್ಗುತ್ತದೆ. ಬಾಲ್‌ನ ಮೂರರಲ್ಲಿ ಎರಡು ಪಾಲನ್ನು ರೆಸಿನ್ ಮುಚ್ಚಿದರೆ ಸಾಕು. ಸುತ್ತ ಗೋಡೆ 2 ಮಿಲಿಮೀಟರ್‌ಗಿಂತ ತೆಳುವಾಗಬಾರದು. ಹೊಯ್ದ ಮೇಲೆ ಮರುದಿನದವರೆಗೂ ಕೀಲು ತಿರುಗಿಸಬೇಡಿ. ಆಮೇಲೆ ಬಿಸಿನೀರಲ್ಲಿ ಒಂದೆರಡು ನಿಮಿಷ ಅದ್ದಿ, ನಿಧಾನಕ್ಕೆ ತಿರುಗಿಸಿ. ಮೊದಲ ಸಲ ಸಣ್ಣಗೆ ಕಟಕ್ ಅನ್ನುತ್ತದೆ. ಅದು ಮುರಿದ ಸದ್ದಲ್ಲ, ಕೀಲು ಬಿಟ್ಟುಕೊಂಡ ಸದ್ದು. ಹೊಯ್ಯುವ ಮೊದಲು ಬಾಲ್‌ಗೆ ಒಂದು ತೆಳು ಲೇಪ ಹಚ್ಚುತ್ತೇನೆ. ಅದು ಏನು ಅಂತ ಮಾತ್ರ ಹೇಳುವುದಿಲ್ಲ, ಬಿಗಿ ಎಷ್ಟಿರಬೇಕು ಅನ್ನುವುದೆಲ್ಲ ಅದರಲ್ಲಿದೆ.

ದುಡ್ಡಿನ ವಿಷಯ. ದುಡ್ಡು ನುಂಗುವುದು ರೆಸಿನ್ ಅಲ್ಲ, ಸಿಲಿಕಾನ್. ಒಂದು ಅಚ್ಚು ಮೂವತ್ತು ಮೂವತ್ತೈದು ಎರಕ ಕೊಟ್ಟರೆ ದೊಡ್ಡದು, ಅದೂ ಕೀಲಿನ ಜಾಗದಲ್ಲೇ ಮೊದಲು ಹರಿಯುತ್ತದೆ. ಅದಕ್ಕೇ ಭುಜದ ಭಾಗಕ್ಕೆ ಬೇರೆ ಪುಟ್ಟ ಅಚ್ಚು ಮಾಡಿಕೊಂಡೆ, ಹರಿದರೆ ಅಷ್ಟನ್ನೇ ಬದಲಿಸುತ್ತೇನೆ. ಸಿಲಿಕಾನ್ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ರೆಸಿನ್‌ನಲ್ಲಿ 3D ಪ್ರಿಂಟ್ ಮಾಡಿದ ಮೂಲ ಮಾದರಿಯ ಮೇಲೆ ನೇರವಾಗಿ ಪ್ಲಾಟಿನಂ ಸಿಲಿಕಾನ್ (ಪ್ಲಾಟಿನಂ ಸೇರಿಸಿ ಗಟ್ಟಿ ಮಾಡುವ ಬಗೆ) ಹೊಯ್ದು, ಅದು ಗಟ್ಟಿಯಾಗದೆ ಅಂಟುಅಂಟಾಗಿ ಉಳಿದ ಕಥೆ ನಿಮ್ಮಲ್ಲೂ ಇರುತ್ತದೆ. ನಾನು ತವರ ಸೇರಿಸಿ ಗಟ್ಟಿ ಮಾಡುವ ಟಿನ್ ಸಿಲಿಕಾನ್‌ಗೇ ಅಂಟಿಕೊಂಡಿದ್ದೇನೆ.

ಬಾಲ್ ಅಳತೆಯೂ ಎಲ್ಲ ಫಿಗರ್‌ಗೂ ಒಂದೇ. ಗ್ಲಯೋಸ್ ಅನ್ನುವ ಬ್ರಾಂಡ್‌ನ ಗೊಂಬೆಗಳ ತುಂಡುಗಳು ಒಂದಕ್ಕೊಂದು ಕೂರುತ್ತವಲ್ಲ, ಆ ದಾರಿಯೇ ನನಗೂ ಇಷ್ಟ. ಒಂದರ ತೋಳು ಇನ್ನೊಂದಕ್ಕೆ ಹಾಕಬಹುದು ಅಂದಾಗ ಕೊಳ್ಳುವವರು ಎರಡು ಕೊಳ್ಳುತ್ತಾರೆ. ಸಿಲಿಕಾನ್ ಬದಲು ಉಕ್ಕಿನ ಅಚ್ಚು ಮಾಡಿಸಿದರೆ ಅದರ ಖರ್ಚು ಹುಟ್ಟಲು ಸಾವಿರಾರು ಪೀಸ್ ಮಾರಲೇಬೇಕು. ನನಗೆ ಐವತ್ತು ಅರವತ್ತು ಪೀಸ್ ಹೋದರೆ ಲಾಭ.

ನಡುವೆ ಕತ್ತಲಲ್ಲಿ ಹೊಳೆಯುವ ಪುಡಿಯನ್ನೂ ಬೆರೆಸಿ ನೋಡಿದೆ. ಪುಡಿ ಭಾರ, ತಳಕ್ಕೆ ಇಳಿಯುತ್ತದೆ. ಫಿಗರ್ ತಲೆಕೆಳಗಾಗಿ ಹೊಯ್ದಿದ್ದರಿಂದ ತಲೆ ಜಗಮಗ, ಕಾಲು ಮಂಕು. ಒಂದು ಭೂತದ ಫಿಗರ್‌ಗೆ ಅದೇ ಚೆಂದ ಕಂಡಿತು, ಹಾಗೇ ಮಾರಿದೆ, ಎಲ್ಲಕ್ಕಿಂತ ಬೇಗ ಖಾಲಿಯಾಯಿತು.

ಕೀಲಿನ ಸುತ್ತ ಬಣ್ಣ ಬಳಿಯುವುದನ್ನು ಪೂರ್ತಿ ಬಿಟ್ಟಿದ್ದೇನೆ, ಎಷ್ಟು ಬಳಿದರೂ ಉಜ್ಜಿ ಹೋಗುತ್ತದೆ. ರೆಸಿನ್‌ಗೇ ಬಣ್ಣ ಸೇರಿಸುತ್ತೇನೆ. ನೀರಿನ ಬಣ್ಣ ಮಾತ್ರ ಬೇಡ, ನಾನು ಬಳಸುವ ಪಾಲಿಯುರೆಥೇನ್ ಬಗೆಯ ರೆಸಿನ್ ತೇವ ತಾಗಿದರೆ ನೊರೆಗಟ್ಟುತ್ತದೆ. ಮೊಣಕಾಲಿನ ಎರಡು ಮಡಿಕೆಯ ಕೀಲು ಇನ್ನೂ ಬಾಕಿ ಇದೆ, ಅಲ್ಲಿ ಗೋಡೆಗೆ 2 ಮಿಲಿಮೀಟರ್ ಜಾಗ ಸಿಗುತ್ತಿಲ್ಲ.